ಕಾರ್ಬ್ಯುರೇಟರೆಂಬ ಕೈವಿದ್ಯೆ



ಶಿಕಾರಿಪುರ, ಸೊರಬ ಎಂದೊಡನೆ ಚರಿತ್ರೆಯ ವಿದ್ಯಾರ್ಥಿಗೆ ನೆನಪಾಗುವುದು ಆ ಸೀಮೆಯ ಶಾಸನಗಳು. ಬಿ. ಎಲ್. ರೈಸ್ ಅವರು 1902 ಮತ್ತು 1904ರ ಸಂಪುಟಗಳಲ್ಲಿ ಅವನ್ನು ಅಚ್ಚು ಹಾಕಿಸಿ ಉಪಕರಿಸಿದರು. ಕಲ್ಲಿನಲ್ಲಿ ಕೊರೆಯದೆ ಕೈಯಿಂದ ಕೈಗೆ ಸಾಗುವ ವಿದ್ಯೆಯ ಗತಿಯೇನು? ಮೋಟಾರು ಸೈಕಲ್ಲಿನ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು ಜೋಡಿಸುವುದು ಅಂಥದೊಂದು ವಿದ್ಯೆ.

ಇಕ್ಕಟ್ಟಿನಲ್ಲಿ ವೇಗವಾಗಿ ಹರಿಯುವ ಗಾಳಿಯ ಒತ್ತಡ ತಗ್ಗುತ್ತದೆ; ತಗ್ಗಿದೆಡೆಗೆ ಪೆಟ್ರೋಲು ಸಣ್ಣ ರಂಧ್ರದಿಂದ ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ಈ ತತ್ತ್ವದ ಮೂಲವನ್ನು ಬರ್ನೂಲಿಯು 1738ರಲ್ಲಿಯೇ ಪ್ರಕಟಿಸಿದ್ದನು. ಹಂಗೇರಿಯ ಬಾಂಕಿ ಮತ್ತು ಚೋಂಕಾ ಎಂಬಿಬ್ಬರು 1893ರಲ್ಲಿ ಕಾರ್ಬ್ಯುರೇಟರಿಗೆ ಹಕ್ಕುಪತ್ರ ಪಡೆದರು.

ನಮ್ಮ ಮೈಸೂರಿನಲ್ಲಿ 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಚೆಕೊಸ್ಲೊವಾಕಿಯದ ಜಾವಾ ಗಾಡಿಯೇ ಮುಂದೆ ಇಲ್ಲಿ ಯೆಜ್ಡಿ ಎನಿಸಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಗಾಡಿಗಳು ಉಳಿದುವು. ಅವುಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವುದು ಪದ್ಧತಿ. ಮಲೆನಾಡಿನ ಅಂಚಿನ ಈ ಸೀಮೆಯಲ್ಲಿ ಮಳೆಗಾಲವಿಡೀ ಗಾಡಿ ನಿಂತರೆ ಪೆಟ್ರೋಲು ಆರಿ, ಎಣ್ಣೆಯೂ ಅಂಟೂ ರಂಧ್ರಗಳನ್ನು ಮುಚ್ಚುತ್ತವೆ.

ಹೊಸಬನು ಮೊದಲು ಪೆಟ್ರೋಲಿನ ನಲ್ಲಿ ಮುಚ್ಚಬೇಕು. ಬಯಲಿನಲ್ಲಿ, ಬೆಂಕಿಯಿಂದ ದೂರ ಕೂರಬೇಕು. ಗಾಳಿಯ ತಿರುಪನ್ನು ಕಳಚುವ ಮುನ್ನ ಅದು ಎಷ್ಟು ಸುತ್ತಿಗೆ ಬಿಗಿಯುವುದೆಂದು ಎಣಿಸಿ ಬರೆದಿಡಬೇಕು. ಸೂಜಿಯ ಕ್ಲಿಪ್ಪು ಯಾವ ಗೀರಿನಲ್ಲಿತ್ತೆಂಬುದನ್ನೂ ಗುರುತಿಡಬೇಕು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಸಾಲಾಗಿಡಬೇಕು. ಹಿತ್ತಾಳೆಯ ಜೆಟ್ಟುಗಳಿಗೆ ಉಕ್ಕಿನ ತಂತಿ ಚುಚ್ಚಲಾಗದು. ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಮಿಶ್ರಣ ಕೆಡುತ್ತದೆ. ನೆನೆಸಿ, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡುವುದು ಸರಿ. ತೇಲುಬುರುಡೆಯನ್ನು ಅಲುಗಿಸಿದಾಗ ಒಳಗೆ ಪೆಟ್ರೋಲಿನ ಸದ್ದಾದರೆ ಅದು ಸೋರುತ್ತಿದೆಯೆಂದರ್ಥ. ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಹಾಕದಿರುವುದು ಲೇಸು. ಜೋಡಣೆ ಬಿಚ್ಚಿದುದರ ತಿರುವುಮುರುವು. ತಿರುಪು ಬರೆದಿಟ್ಟ ಸುತ್ತಿಗೇ ಬರಬೇಕು.

2020ರ ಹೊಸ ಹೊಗೆ ನಿಯಮದ ತರುವಾಯ ನಮ್ಮ ದೇಶದ ಹೊಸ ಗಾಡಿಗಳಲ್ಲಿ ಬಹುಪಾಲು ಕಾರ್ಬ್ಯುರೇಟರನ್ನು ತೊರೆದಿವೆ. ಆದುದರಿಂದ ಈ ಕೆಲಸ ಕಲಿಯಬರುವವರು ವಿರಳರಾಗುವರು. ಕಲಿಸಬಲ್ಲ ಕೈಗಳು ಇನ್ನೂ ಪೇಟೆಯ ಸಣ್ಣ ಷಾಪುಗಳಲ್ಲಿವೆ. ಅವರು ಹೇಳುವುದನ್ನು ಈಗಲೇ ಕೇಳಿ ಬರೆದುಕೊಳ್ಳದಿದ್ದರೆ, ಅಜ್ಜನ ಗಾಡಿಯು ಮೊಮ್ಮಗನ ಕಾಲಕ್ಕೆ ಗುಜರಿಯ ಕಬ್ಬಿಣವಷ್ಟೆ. ಶಾಸನಕ್ಕೆ ಪ್ರತಿ ತೆಗೆದಂತೆ ಈ ವಿದ್ಯೆಗೂ ಪ್ರತಿ ತೆಗೆಯುವುದು ವಿದ್ಯಾವಂತರ ಹೊಣೆ.