ಕೇಳಿದ ಮಾತು, ಬರೆದ ಮಾತು

ಕುಂದಾಪುರದ ಕಡೆಯಿಂದ ಹೊಸಂಗಡಿಯನ್ನು ದಾಟಿ ಘಟ್ಟ ಹತ್ತಿದವರಿಗೆ ಹುಲಿಕಲ್ಲು ಮಲೆನಾಡಿನ ಹೆಬ್ಬಾಗಿಲು. ಅಲ್ಲಿಂದ ಮುಂದೆ ಒಂದು ದಾರಿ ನಗರ, ಹೊಸನಗರಗಳ ಕಡೆಗೂ ಇನ್ನೊಂದು ತೀರ್ಥಹಳ್ಳಿಯ ಕಡೆಗೂ ಹೋಗುತ್ತದೆ. ಈ ಸೀಮೆಯ ಮನೆಗಳಲ್ಲಿ ಹೊಸಬರು ಜಗಲಿ ಹತ್ತಿದರೆ ಮೊದಲು ಬೆಲ್ಲ ನೀರು ಕೊಡುತ್ತಾರೆ. ಬಂದ ಕೆಲಸವೇನೆಂದು ಕೇಳುವುದು ಆಮೇಲೆ. ಹೀಗೆ ಬಂದವರಲ್ಲಿ ಅಡಕೆಯ ವ್ಯಾಪಾರಿಗಳಿದ್ದರು, ಯಾತ್ರಿಕರಿದ್ದರು, ಸರ್ಕಾರದ ನೌಕರರಿದ್ದರು. ಅವರ ಜೊತೆಗೆ, ಕೈಯಲ್ಲಿ ಬರೆಯುವ ಪುಸ್ತಕ ಹಿಡಿದು, ‘ನಿಮ್ಮ ಮನೆಯಲ್ಲಿ ಎಷ್ಟು ಮಂದಿ, ಗದ್ದೆ ಎಷ್ಟು, ಯಾವ ದೇವರಿಗೆ ನಡೆದುಕೊಳ್ಳುತ್ತೀರಿ?’ ಎಂದು ಕೇಳುವ ಮತ್ತೊಂದು ಬಗೆಯ ಅತಿಥಿಗಳೂ ಇನ್ನೂರು ವರ್ಷಗಳಿಂದ ಬರುತ್ತಲೇ ಇದ್ದಾರೆ. ಮನೆಯವರು ಗೊತ್ತಿದ್ದುದನ್ನು ಹೇಳಿದರು. ಬಂದವರು ಬರೆದುಕೊಂಡು ಹೋದರು. ಆ ಬರಹ ಏನಾಯಿತು? ಹೇಳಿದವರಿಗೆ ಅದರಿಂದ ಬಂದ ಮಾನವೆಷ್ಟು, ಹೋದ ಮಾನವೆಷ್ಟು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಜನಜೀವನವನ್ನು ಕುರಿತು ಬರೆಯುವವನಿಗೆ ಎರಡು ಋಣಗಳುಂಟು. ತನಗೆ ಮಾತು ಕೊಟ್ಟವರದು ಒಂದು. ತನಗಿಂತ ಮೊದಲೇ ಅದೇ ವಿಷಯವನ್ನು ಬರೆದವರದು ಇನ್ನೊಂದು. ಈ ಎರಡನೆಯದನ್ನು ತೀರಿಸುವ ಕ್ರಮಕ್ಕೆ ಈಗಿನ ವಿಶ್ವವಿದ್ಯಾನಿಲಯಗಳಲ್ಲಿ ಪೂರ್ವಸಾಹಿತ್ಯದ ಪರಿಶೀಲನೆ ಎಂದು ಹೆಸರು. ಹೆಸರು ಹೊಸದಾದರೂ ಸಂಪ್ರದಾಯ ನಮ್ಮಲ್ಲಿ ಹಳೆಯದೇ. ಕನ್ನಡದ ಕವಿ ಕಾವ್ಯದ ಮೊದಲಲ್ಲಿ ಪೂರ್ವಕವಿಗಳನ್ನು ನೆನೆಯುತ್ತಿದ್ದನು. ಶಾಸ್ತ್ರಕಾರನು ತನ್ನ ಸಿದ್ಧಾಂತವನ್ನು ಹೇಳುವುದಕ್ಕೆ ಮುಂಚೆ ಪೂರ್ವಪಕ್ಷವನ್ನು ನೆಟ್ಟಗೆ ಮಂಡಿಸಲೇಬೇಕಾಗಿತ್ತು. ಮಂಡಿಸುವುದರಲ್ಲಿ ಮೋಸವಾದರೆ ಖಂಡನೆಗೂ ಬೆಲೆಯಿಲ್ಲ.

ಈ ಸೀಮೆಯನ್ನು ಪ್ರಶ್ನೆಗಳ ಮೂಲಕ ಅಳೆದವರಲ್ಲಿ ಮೊದಲು ನೆನೆಯಬೇಕಾದವನು ಫ್ರಾನ್ಸಿಸ್ ಬುಕಾನನ್. ವೃತ್ತಿಯಿಂದ ವೈದ್ಯ, ಅಭಿರುಚಿಯಿಂದ ಸಸ್ಯಶಾಸ್ತ್ರಜ್ಞ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದನು. 1801ರ ಮೊದಲ ತಿಂಗಳುಗಳಲ್ಲಿ ಸೋಂದೆ, ಬನವಾಸಿ, ಇಕ್ಕೇರಿಗಳ ಮಾರ್ಗವಾಗಿ ನಗರಕ್ಕೆ ಬಂದನು. ಅಡಕೆ ತೋಟದ ಕೃಷಿ, ಭೂಮಿಯ ಅಳತೆ, ಕಂದಾಯ, ಆಳುಗಳ ಕೂಲಿ, ಜಾತಿಗಳ ನಡಾವಳಿ ಎಲ್ಲವನ್ನೂ ದಿನಚರಿಯ ರೂಪದಲ್ಲಿ ಬರೆದಿಟ್ಟನು. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು.

ಬುಕಾನನನ ಶ್ರದ್ಧೆ ದೊಡ್ಡದು. ಆದರೆ ಅವನು ಕೇಳಿದ್ದು ದುಭಾಷಿಯ ಮೂಲಕ. ಅವನ ಬೆನ್ನಹಿಂದೆ ನಿಂತಿದ್ದುದು ಈಗಷ್ಟೇ ಗೆದ್ದುಬಂದ ಕಂಪೆನಿಯ ಸರ್ಕಾರ. ‘ನಿನ್ನ ಗದ್ದೆಯಲ್ಲಿ ಎಷ್ಟು ಬೆಳೆಯುತ್ತದೆ?’ ಎಂದು ಅಂಥವನು ಕೇಳಿದರೆ ರೈತನಿಗೆ ಮೊದಲು ನೆನಪಾಗುವುದು ಕಂದಾಯ. ಉತ್ತರಗಳು ಒಂದಕ್ಕೊಂದು ಹೊಂದುತ್ತಿಲ್ಲವೆಂದು ಬುಕಾನನನೇ ಅಲ್ಲಲ್ಲಿ ದೂರಿಕೊಂಡಿದ್ದಾನೆ. ಆ ದೂರನ್ನು ಮರೆಮಾಚದೆ ಬರೆದದ್ದು ಅವನ ಪ್ರಾಮಾಣಿಕತೆ. ಆದ್ದರಿಂದ ಅವನ ಅಂಕಿಗಳನ್ನು ಎತ್ತಿಕೊಳ್ಳುವವರು ಜೊತೆಯಲ್ಲಿ ಆ ದೂರನ್ನೂ ಎತ್ತಿಕೊಳ್ಳುವುದು ನ್ಯಾಯ. ಅಂಕಿಯನ್ನು ಮಾತ್ರ ತೆಗೆದುಕೊಂಡು ಸಂಶಯವನ್ನು ಬಿಟ್ಟರೆ, ಭಯದಿಂದ ಹೇಳಿದ ಮಾತು ನೂರು ವರ್ಷದ ಮೇಲೆ ಸತ್ಯವಾಗಿ ಕುಳಿತುಬಿಡುತ್ತದೆ.

ಬುಕಾನನನನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಬಿ. ಎಲ್. ರೈಸ್ ಮುಖ್ಯರು. ಅವರ ಮೈಸೂರು ಗೆಜೆಟಿಯರು 1877ರಲ್ಲಿಯೂ, ತಿದ್ದಿದ ಆವೃತ್ತಿ 1897ರಲ್ಲಿಯೂ ಹೊರಬಂದವು. ರೈಸರು ಕಲಿಸಿಕೊಟ್ಟ ದೊಡ್ಡ ಪಾಠವಿರುವುದು ಅವರ ಶಾಸನ ಸಂಪುಟಗಳಲ್ಲಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು 1904ರಲ್ಲಿ ಎಂಟನೆಯ ಸಂಪುಟವಾಗಿ ಪ್ರಕಟವಾದವು. ಪ್ರತಿಯೊಂದು ಕಲ್ಲಿಗೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ, ಮೂಲಪಾಠ, ಅನುವಾದ. ಹೊಂಬುಜದ ಶಾಸನಗಳು ‘ನಗರ’ ಎಂಬ ಶೀರ್ಷಿಕೆಯಡಿ ಇಂತಿಷ್ಟನೆಯವು ಎಂದು ಇಂದಿಗೂ ಹೇಳುತ್ತೇವೆ. ಇದರಿಂದಾದ ಉಪಕಾರವೇನು? ರೈಸರ ಓದು ತಪ್ಪೆಂದು ತೋರಿದವನು ಅದೇ ಕಲ್ಲಿನ ಮುಂದೆ ಹೋಗಿ ನಿಂತು ತಾನೇ ಓದಿ ನೋಡಬಹುದು. ತನ್ನನ್ನು ತಿದ್ದುವ ದಾರಿಯನ್ನು ತಾನೇ ತೋರಿಸಿಡುವುದು ವಿದ್ವಾಂಸನ ಮೊದಲ ನೀತಿ.

ಕಲ್ಲಿನ ಮಾತು ಹಾಗಿರಲಿ, ಮನುಷ್ಯರ ಮಾತಿಗೆ ಬರೋಣ. ಈ ಶತಮಾನಕ್ಕೆ ಹಿಂದಿನ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳ ಸಮೀಕ್ಷೆಯನ್ನು ಎಚ್. ವಿ. ನಂಜುಂಡಯ್ಯನವರು ಕೈಗೊಂಡರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾದವರು ಇವರೇ. ಒಂದೊಂದು ಜಾತಿಗೆ ಒಂದೊಂದು ಸಣ್ಣ ಪುಸ್ತಕ ಹೊರಟಿತು. ಅವುಗಳಿಗೆ ‘ಪ್ರಾಥಮಿಕ ಸಂಚಿಕೆ’ ಎಂಬ ಅರ್ಥದ ಹೆಸರು. ಇದೇ ಕೊನೆಯ ಮಾತಲ್ಲ ಎಂಬ ವಿನಯ ಆ ಹೆಸರಿನಲ್ಲಿಯೇ ಇದೆ. 1920ರಲ್ಲಿ ನಂಜುಂಡಯ್ಯನವರು ತೀರಿಕೊಂಡರು. ಉಳಿದ ಕೆಲಸ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರಿಗೆ ಬಂತು. 1928ರಿಂದ 1935ರವರೆಗೆ ನಾಲ್ಕು ಸಂಪುಟಗಳು ಹೊರಬಂದವು. ಮುಖಪುಟದಲ್ಲಿ ಇಬ್ಬರ ಹೆಸರೂ ಇದೆ. ಸತ್ತವರು ಬಂದು ಪಾಲು ಕೇಳುವುದಿಲ್ಲ, ಆದರೂ ಕೊಟ್ಟರು. ಪೂರ್ವಸಾಹಿತ್ಯದ ಋಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ವಿರಳ.

ಆದರೆ ಅದೇ ಗ್ರಂಥದ ಮೊದಲ ಸಂಪುಟದಲ್ಲಿ, ಅಂದರೆ 1935ರದರಲ್ಲಿ, ಜರ್ಮನಿಯ ಐಕ್‌ಸ್ಟೆಟ್ ಎಂಬ ವಿದ್ವಾಂಸ ಬರೆದ ಜನಾಂಗವಿಚಾರವೂ ಸೇರಿದೆ. ದೇಹದ ಅಳತೆಯಿಂದ ಮನುಷ್ಯರನ್ನು ವಿಂಗಡಿಸುವ ಆ ವಿದ್ಯೆ ಜರ್ಮನಿಯಲ್ಲಿ ಎಂಥ ಘೋರಕ್ಕೆ ನೆರವಾಯಿತೆಂಬುದನ್ನು ಲೋಕ ಮುಂದಿನ ಹತ್ತೇ ವರ್ಷಗಳಲ್ಲಿ ಕಂಡಿತು. ಹಾಗೆಂದು ಪುಸ್ತಕವನ್ನು ಮೂಲೆಗೆ ಎಸೆಯಬೇಕಾಗಿಲ್ಲ. ಅದನ್ನು ಅದರ ವರ್ಷದೊಡನೆ ಓದಬೇಕು. ಹಳೆಯದನ್ನು ಓದುವುದು ಬೇರೆ, ಹಳೆಯದನ್ನು ನಂಬುವುದು ಬೇರೆ.

ಸಾಗರ ಸೀಮೆಯ ದೀವರನ್ನೇ ತೆಗೆದುಕೊಳ್ಳಿ. ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಅವರು ಬರುವುದು ಬಹುಮಟ್ಟಿಗೆ ಹಳೆಪೈಕರೆಂಬ ಹೆಸರಿನ ಕೆಳಗೆ. ಹಿಂದೆ ಕಾಲಾಳುಗಳಾಗಿದ್ದವರು, ಕಳ್ಳು ಇಳಿಸುವ ಕಸುಬಿನವರು ಎಂಬ ವಿವರಣೆ. ಒಬ್ಬರನ್ನು ನೋಡಿ ಒಬ್ಬರು ಬರೆಯುತ್ತ ಹೋದಂತೆ ಎರಡು ಸಾಲಿನಲ್ಲಿಯೇ ಒಂದು ಸಮುದಾಯದ ಕಥೆ ಮುಗಿದುಹೋಗುತ್ತದೆ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ, ಎಚ್. ಗಣಪತಿಯಪ್ಪನವರ ಮುಂದಾಳತನದಲ್ಲಿ ಎದ್ದು ನಿಂತವರಲ್ಲಿ ಹೆಚ್ಚಿನವರು ಈ ದೀವರೇ. ಇನ್ನೊಬ್ಬರ ನೆಲವನ್ನು ಉತ್ತು ಬಿತ್ತುವ ಒಕ್ಕಲುಗಳು. ಡಾಕ್ಟರ್ ರಾಮಮನೋಹರ ಲೋಹಿಯಾ ಅವರೂ ಬಂದು ಸೆರೆಯಾದರು. ಆ ಹೋರಾಟದಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೇ ಒಂದು ದೊಡ್ಡ ವಿವಾದ. ಒಡೆಯನ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದೆಂಬುದು ಒಕ್ಕಲುಗಳ ದೂರು.

ಈ ಕೊಳಗದ ಮಾತು ನಮ್ಮ ವಿಷಯಕ್ಕೂ ಸಲ್ಲುತ್ತದೆ. ಅಳೆಯುವವನ ಅಳತೆ ಯಾರದು ಎಂದು ಕೇಳದೆ ಲೆಕ್ಕವನ್ನು ಒಪ್ಪಬಾರದು. ಕಾಗೋಡಿನ ಗಲಾಟೆ ಕಳೆದು ಕೆಲವು ವರ್ಷಗಳೊಳಗೆ, ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾರ್ಪರ್ ಇದೇ ಮಲೆನಾಡಿನಲ್ಲಿ ಇದ್ದು ಅಭ್ಯಾಸ ಮಾಡಿದರು. ಅವರ ಲೇಖನಗಳಲ್ಲಿ ಊರಿನ ಹೆಸರು ‘ತೋಟಗದ್ದೆ’. ಹಳ್ಳಿಯ ಆರ್ಥಿಕ ಸಂಬಂಧಗಳ ಬಗ್ಗೆ ವಿದ್ವಾಂಸರ ಬಳಿ ಆಗ ಒಂದು ಸಿದ್ಧ ಅಳತೆ ಇತ್ತು. ಉತ್ತರ ಪ್ರದೇಶದ ಒಂದು ಹಳ್ಳಿಯನ್ನು ನೋಡಿ ವಿಲಿಯಂ ವೈಸರ್ 1936ರಲ್ಲಿ ಬರೆದ ಜಜಮಾನಿ ಪದ್ಧತಿಯ ವಿವರಣೆಯೇ ಅದು: ಬಡಗಿ, ಕಮ್ಮಾರ, ಕ್ಷೌರಿಕರು ವಂಶಪಾರಂಪರ್ಯವಾಗಿ ಗೊತ್ತಾದ ಮನೆಗಳಿಗೆ ದುಡಿದು ಸುಗ್ಗಿಯಲ್ಲಿ ಕಾಳಿನ ಪಾಲು ಪಡೆಯುವುದು. ಭಾರತದ ಹಳ್ಳಿಗಳೆಲ್ಲ ಹೀಗೆಯೇ ಎಂದುಕೊಂಡುಬಿಡುವುದು ಸುಲಭವಾಗಿತ್ತು. ಹಾರ್ಪರ್ ಹಾಗೆ ಮಾಡಲಿಲ್ಲ. ಅಡಕೆ ಹಣಕ್ಕೆ ಮಾರುವ ಬೆಳೆ; ಅದನ್ನು ನೆಚ್ಚಿದ ಊರಿನಲ್ಲಿ ಕೆಲಸಕ್ಕೆ ತಕ್ಕ ಲೆಕ್ಕ, ಬೇಕಾದರೆ ಬದಲಾಯಿಸಬಹುದಾದ ಸಂಬಂಧ ಇರುವುದನ್ನು ಕಂಡು, ಮಲೆನಾಡಿನದು ಬೇರೆಯೇ ಒಂದು ಪದ್ಧತಿ ಎಂದು 1959ರಲ್ಲಿ ಬರೆದರು. ಪೂರ್ವಸಾಹಿತ್ಯವನ್ನು ಓದಬೇಕಾದದ್ದು ಇದಕ್ಕೆ. ವೈಸರನನ್ನು ಓದದಿದ್ದರೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಓದಿದ್ದನ್ನೇ ಊರಿನ ಮೇಲೆ ಹೇರಿದ್ದರೆ ಮಲೆನಾಡೇ ಕಾಣುತ್ತಿರಲಿಲ್ಲ.

ಒಂದು ಕೊರತೆ ಮಾತ್ರ ಉಳಿಯಿತು. ಆ ಲೇಖನಗಳೆಲ್ಲ ಇಂಗ್ಲಿಷಿನಲ್ಲಿ, ದೂರದೇಶದ ಪತ್ರಿಕೆಗಳಲ್ಲಿ. ಮಾತು ಕೊಟ್ಟ ಜಗಲಿಗೆ ಅವು ತಿರುಗಿ ಬರುವ ಬಗೆ ಇರಲಿಲ್ಲ. ಕಾಗೋಡಿನ ಕಥೆಯನ್ನು ಜಿ. ರಾಜಶೇಖರ ಅವರು ಮುಂದೆ ಕನ್ನಡದಲ್ಲಿಯೇ ಪುಸ್ತಕವಾಗಿಸಿದರು. ಹೇಳಿದವರ ಮಕ್ಕಳು ಓದಬಹುದಾದ ಭಾಷೆಯಲ್ಲಿ ಬರೆಯುವುದೂ ಒಂದು ನೀತಿಯೇ.

ಕೇಳುವವನು ಎಲ್ಲಿ ಕುಳಿತು ಕೇಳಿದನೆಂಬುದೂ ಮುಖ್ಯ. ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿ ನೆಲೆಸಿ ಅಭ್ಯಾಸ ಮಾಡಿದರು. ಬರಹದಲ್ಲಿ ಅದನ್ನು ‘ರಾಂಪುರ’ ಎಂದು ಕರೆದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು, ಅವರು ವಿಂಗಡಿಸಿ ಇಟ್ಟಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ತಾನು ಊರಿನ ಯಜಮಾನನ ಆಶ್ರಯದಲ್ಲಿದ್ದ ಬ್ರಾಹ್ಮಣ, ಹರಿಜನ ಕೇರಿಯ ಬಾಳು ತನಗೆ ಅಷ್ಟಾಗಿ ತಿಳಿಯಲಿಲ್ಲ ಎಂಬುದನ್ನು ಅವರು ಅಲ್ಲಿ ಒಪ್ಪಿಕೊಂಡಿದ್ದಾರೆ. ಈ ಒಪ್ಪಿಗೆಯಿಂದ ಪುಸ್ತಕದ ಬೆಲೆ ಕುಗ್ಗಲಿಲ್ಲ. ಓದುಗನ ನಂಬಿಕೆ ಹೆಚ್ಚಿತು.

ಇವೆಲ್ಲ ಒಬ್ಬೊಬ್ಬರ ಮನಸ್ಸಾಕ್ಷಿಯ ಮಾತು. ಬರೆದಿಟ್ಟ ನಿಯಮಗಳು ಬಂದದ್ದು ನಿಧಾನವಾಗಿ. ಕೈದಿಗಳ ಮೇಲೆ ಪ್ರಯೋಗ ನಡೆಸಿದ ಜರ್ಮನ್ ವೈದ್ಯರ ವಿಚಾರಣೆಯ ಕೊನೆಗೆ, 1947ರಲ್ಲಿ ನ್ಯೂರೆಂಬರ್ಗಿನ ತೀರ್ಪು, ಮನುಷ್ಯನ ಸ್ವಂತ ಒಪ್ಪಿಗೆಯಿಲ್ಲದೆ ಅವನನ್ನು ಪರೀಕ್ಷೆಯ ವಸ್ತುವಾಗಿ ಮಾಡಬಾರದೆಂದು ಸಾರಿತು. ಅದು ವೈದ್ಯಕ್ಕೆ ಸಂಬಂಧಿಸಿದ್ದು. ಸಮಾಜಶಾಸ್ತ್ರಕ್ಕೆ ಆ ವಿಚಾರ ಹಬ್ಬಲು ದಶಕಗಳೇ ಬೇಕಾದವು. ಭಾರತದ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತು 1969ರಲ್ಲಿಯೂ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ 1972ರಲ್ಲಿಯೂ ಹುಟ್ಟಿದವು. ಆರೋಗ್ಯವಿಷಯದ ಸಮಾಜಸಂಶೋಧನೆಗೆ ನೀತಿಸೂತ್ರಗಳು ನಮ್ಮ ದೇಶದಲ್ಲಿ ಸಿದ್ಧವಾದದ್ದು 2000ದಲ್ಲಿ. ಇನ್ನೊಬ್ಬರ ಬರಹವನ್ನು ಕದಿಯುವುದರ ವಿರುದ್ಧ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2018ರಲ್ಲಿ ನಿಯಮ ಮಾಡಿತು. ಶೇಕಡಾ 10ಕ್ಕೆ ಮೀರಿ ಹೋಲಿಕೆ ಕಂಡರೆ ಕ್ರಮ ಉಂಟು. ಯಂತ್ರವು ಸಾಲುಗಳ ಹೋಲಿಕೆಯನ್ನು ಎಣಿಸಬಲ್ಲದು. ಓದದೆಯೇ ಓದಿದೆನೆಂದು ಹೆಸರು ಪೋಣಿಸಿದ್ದನ್ನು ಅದು ಎಣಿಸಲಾರದು.

ನಮ್ಮ ಸೀಮೆಗೆ ಇದು ಏಕೆ ಅಷ್ಟು ಮುಖ್ಯ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಶರಾವತಿಯ ನೀರಿನಡಿ ಸೇರಿದವು. ಮುಂದೆ ಹುಲಿಕಲ್ಲಿನ ಆಸುಪಾಸಿನಲ್ಲಿ ವಾರಾಹಿ ಯೋಜನೆಗಾಗಿ ಮಾಣಿ ಜಲಾಶಯವಾಯಿತು. ನಿಂತಿರುವ ಊರಿನ ಬಗ್ಗೆ ತಪ್ಪು ಬರೆದರೆ ಊರಿನವರು ಹೋಗಿ ತೋರಿಸಿ ತಿದ್ದಬಹುದು. ಮುಳುಗಿದ ಊರಿನ ಬಗ್ಗೆ ಉಳಿಯುವುದು ಚದುರಿದವರ ನೆನಪು ಮತ್ತು ಯಾರೋ ಬರೆದಿಟ್ಟ ಪುಟ. ಆ ಪುಟ ನಂಬತಕ್ಕದ್ದಾಗಿರದಿದ್ದರೆ ಆ ಊರು ಎರಡನೆಯ ಸಲ ಮುಳುಗಿದ ಹಾಗೆ.

ರೇಡಿಯೋ ಇರುವ ಮನೆಗೂ ಪ್ರಶ್ನೆ ಕೇಳುವವರು ಬರುತ್ತಾರೆ. ಆಕಾಶವಾಣಿಗೇ ಶ್ರೋತೃ ಸಂಶೋಧನಾ ವಿಭಾಗವಿದೆ. ಬಂದವರಿಗೆ ಬೆಲ್ಲ ನೀರು ಕೊಡೋಣ. ಜೊತೆಗೆ ನಾವೂ ಕೇಳೋಣ: ನಿಮ್ಮನ್ನು ಕಳಿಸಿದವರು ಯಾರು? ಇದನ್ನು ಎಲ್ಲಿ ಬರೆಯುತ್ತೀರಿ? ನಮ್ಮ ಹೆಸರು ಹಾಕುತ್ತೀರಾ? ಬೇಡವೆಂದರೆ ಬಿಡುತ್ತೀರಾ? ಬರೆದದ್ದನ್ನು ನಮಗೆ ತೋರಿಸುತ್ತೀರಾ? ಹೀಗೆ ಕೇಳುವುದು ಅವಿನಯವಲ್ಲ. ಇನ್ನು ನಮ್ಮ ಮನೆಯ ಹುಡುಗನೋ ಹುಡುಗಿಯೋ ಕಾಲೇಜಿನ ಪ್ರಬಂಧಕ್ಕಾಗಿ ಪುಸ್ತಕ ಹಿಡಿದು ಇನ್ನೊಬ್ಬರ ಜಗಲಿ ಹತ್ತುವ ಕಾಲವೂ ಬರುತ್ತದೆ. ಹಿಂದಿನವರು ಬರೆದದ್ದನ್ನು ಮೊದಲು ಓದಿಕೊಂಡು ಹೋಗು. ಓದಿದ್ದನ್ನು ಊರಿನ ಬಾಯಲ್ಲಿ ತುರುಕಬೇಡ. ಹೇಳಿದವರಿಗೆ ಬರೆದದ್ದನ್ನು ತಿರುಗಿ ಒಯ್ದು ತೋರಿಸು ಎಂದು ಹೇಳಿ ಕಳಿಸಿದರೆ ಸಾಕು.