ಮೆದಕ್ ಚರ್ಚಿನವರ ಕಾಯುವಿಕೆ

ಡಿಸೆಂಬರ್ ಬಂತೆಂದರೆ ನಮ್ಮ ಹೈದರಾಬಾದಿನಿಂದ ಸುಮಾರು 100 ಕಿ.ಮೀ. ದೂರದ ಮೆದಕ್ಕಿಗೆ ಜನ ಹೊರಡುತ್ತಾರೆ. ಅಲ್ಲಿನ ದೊಡ್ಡ ಚರ್ಚು ಉದ್ಘಾಟನೆಯಾದದ್ದು 1924ರ ಕ್ರಿಸ್‌ಮಸ್ ದಿನ. ನಮ್ಮ ಬೀದರ್, ರಾಯಚೂರಿನಂತೆ ಮೆದಕ್ ಕೂಡ ಆಗ ನಿಜಾಮರ ಸೀಮೆ. ಬರಗಾಲದಲ್ಲಿ ಹಸಿದು ಬಂದವರಿಗೆ ಪಾದ್ರಿ ಪಾಸ್ನೆಟ್ ಕಟ್ಟಡದ ಕೆಲಸ ಕೊಟ್ಟು ಅನ್ನ ಹಾಕಿದರಂತೆ. ಕ್ರೈಸ್ತರಾದವರಲ್ಲಿ ಬಹಳ ಮಂದಿ ಊರಾಚೆಯ ಮಾಲರು, ಮಾದಿಗರು. ದೊರೆಗಳಿಗೆ ವೆಟ್ಟಿ, ಅಂದರೆ ಬಿಟ್ಟಿ ಚಾಕರಿ ಮಾಡಿದ ಜಾತಿಗಳು.

ನಿಜಾಮರ ಆಳ್ವಿಕೆ 1948ರಲ್ಲಿ ಮುಗಿಯಿತು. ಆದರೆ 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಪಟ್ಟಿ ಬಹುಮಟ್ಟಿಗೆ ಹಿಂದೂಗಳಿಗೇ ಸೀಮಿತವಾಯಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಹೊರಗೇ ಉಳಿದರು. ಧರ್ಮ ಬದಲಾದರೆ ಊರಿನವರು ಜಾತಿ ಮರೆಯುತ್ತಾರೆಯೇ, ನೀವೇ ಹೇಳಿ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳದ್ದು ಆಗಮನ ಕಾಲ, ಕಾಯುವ ಕಾಲ. ಚಕ್ರವರ್ತಿಯ ಖಾನೇಷುಮಾರಿಗೆಂದು ಬಸುರಿ ಮರಿಯಳು ಊರು ಬಿಟ್ಟು ಹೋಗಬೇಕಾಯಿತು. ಮಗುವನ್ನು ಮಲಗಿಸಿದ್ದು ದನದ ಗೋದಲಿಯಲ್ಲಿ. ಸರ್ಕಾರಿ ಪಟ್ಟಿಯ ಹೊರಗಿರುವವರಿಗೆ ಈ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಕೈಕಟ್ಟಿ ಕೂತವರೂ ಅಲ್ಲ. 2004ರಲ್ಲಿ ಇವರ ಪರವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2022ರಲ್ಲಿ ಕೇಂದ್ರ ಸರ್ಕಾರ ಇದನ್ನು ಪರಿಶೀಲಿಸಲು ಆಯೋಗ ರಚಿಸಿತು. ಪ್ರಾರ್ಥನೆಯ ಜೊತೆಗೆ ಅರ್ಜಿಯನ್ನೂ ಬರೆಯುವ ಇವರ ಕಾಯುವಿಕೆಯೇ ನನಗೆ ಭರವಸೆಯಾಗಿ ಕಾಣುತ್ತದೆ.