ಆರ್ಡುಯಿನೊ, ಮೋಟಾರು, ಖಾಲಿ ಪರದೆ

ಪ್ರೋಗ್ರಾಮ್ ಬರೆದು ಮೋಟಾರು, ಪರದೆಗಳಂಥ ಭಾಗಗಳನ್ನು ನಡೆಸಬಲ್ಲ ಆರ್ಡುಯಿನೊ ಬೋರ್ಡ್ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾದಲ್ಲಿ. ಆಲಿವೆಟ್ಟಿ ಟೈಪ್‌ರೈಟರ್‌ಗಳಿಂದ ಹೆಸರಾದ ಆ ಪಟ್ಟಣದ ವಿನ್ಯಾಸ ಸಂಸ್ಥೆಯೊಂದರಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೆಂದೇ ಅದು ರೂಪುಗೊಂಡಿತು. ಅಲ್ಲಿಯೇ ಹೆರ್ನಾಂಡೊ ಬರಗಾನ್ 2003ರಲ್ಲಿ ಆರಂಭಿಸಿದ್ದ ‘ವೈರಿಂಗ್’ ಯೋಜನೆ ಇದರ ತಳಪಾಯ. ಆ ಋಣ ಜನರ ನೆನಪಿನಲ್ಲಿ ಉಳಿದದ್ದು ಕಡಿಮೆ.

ಬೋರ್ಡ್ ಹೊಸದಾದರೂ ಅದಕ್ಕೆ ಜೋಡಿಸುವ ಭಾಗಗಳು ಹಳೆಯವು, ತೊಡಕುಗಳೂ ಹಾಗೆಯೇ. ಎರಡು ಸಾಲಿನ ಎಲ್‌ಸಿಡಿ ಪರದೆಯನ್ನು ನಡೆಸುವ ಎಚ್‌ಡಿ44780 ಚಿಪ್, ಹಿಟಾಚಿ ಕಂಪನಿ 1980ರ ದಶಕದಲ್ಲಿ ತಂದದ್ದು. ಪರದೆಯ ಹಿಂದಿನ ದೀಪ ಉರಿದೂ ಅಕ್ಷರ ಮೂಡದಿದ್ದರೆ ಮೊದಲ ಅನುಮಾನ ಮೂರನೇ ಪಿನ್ನಿನ ಕಾಂಟ್ರಾಸ್ಟ್ ವೋಲ್ಟೇಜಿನ ಮೇಲೆ. ಮೇಲಿನ ಸಾಲಿನಲ್ಲಿ ಬರೀ ಕಪ್ಪು ಚೌಕಗಳು ಕಂಡರೆ, ಚಿಪ್‌ಗೆ ಆರಂಭದ ಆದೇಶ ಸರಿಯಾಗಿ ತಲುಪಿಲ್ಲ.

ಮೋಟಾರಿನ ಕತೆ ಇನ್ನೂ ಒರಟು. 2010ರ ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ328 ಚಿಪ್‌ನ ಒಂದು ಪಿನ್ನು ತಾಳುವ ಗರಿಷ್ಠ ಕರೆಂಟು 40 ಮಿಲಿಆಂಪಿಯರ್. ಆಟಿಕೆಯ ಮೋಟಾರು ಕೂಡ ತಿರುಗಲು ಶುರುಮಾಡುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ವೋಲ್ಟೇಜು ಕುಸಿದು ಬೋರ್ಡ್ ಮತ್ತೆಮತ್ತೆ ರೀಸೆಟ್ ಆಗುತ್ತದೆ. ಆಗ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ವ್ಯರ್ಥ. ಆರ್ಡುಯಿನೊಗಿಂತ ಹಳೆಯದಾದ ಎಲ್293ಡಿ ಡ್ರೈವರ್ ಚಿಪ್ ಹವ್ಯಾಸಿಗಳ ಕೈಸೇರಿದ್ದು ಪಿನ್ನಿನ ಬದಲು ಮೋಟಾರಿಗೆ ತಾನೇ ಕರೆಂಟು ಒದಗಿಸುವುದಕ್ಕಾಗಿಯೇ. ಕರೆಂಟು ಕಡಿದಾಗ ಮೋಟಾರಿನಿಂದ ಹಿಮ್ಮುಖವಾಗಿ ಚಿಮ್ಮುವ ವೋಲ್ಟೇಜನ್ನು ತಡೆಯುವ ಡಯೋಡುಗಳು ಅದರೊಳಗೇ ಇವೆ. ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟರೂ ಅದರ ಮತ್ತು ಬೋರ್ಡಿನ ಗ್ರೌಂಡ್ ತಂತಿಗಳನ್ನು ಸೇರಿಸಲೇಬೇಕು.